ಬ್ರೇಕ್ ಹಾಕಿದರೆ ಮಾರ್ಕ್ಸ್ ಕಟ್

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನಾನು ನಂಜನಗೂಡು ಕಡೆ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ಅಪಘಾತವಾದ ಗಾಡಿಯನ್ನು ಪರೀಕ್ಷಿಸಿ, ಬ್ರೇಕು, ಸ್ಟೀರಿಂಗು ಸರಿಯಿತ್ತೇ ಎಂದು ಪೊಲೀಸರಿಗೆ ವರದಿ ಕೊಡುವುದು ನನ್ನ ಕೆಲಸ. ನುಜ್ಜುಗುಜ್ಜಾದ ಗಾಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಕವಲಂದೆ ರಸ್ತೆಯ ಆ ಬಿಳಿ ಕಾರನ್ನು ನೆನೆದರೆ ಮಾತ್ರ ಈಗಲೂ ಮೈಯೆಲ್ಲ ಉರಿಯುತ್ತದೆ.

ನಮ್ಮ ಕಡೆ ಸುಗ್ಗಿಯಲ್ಲಿ ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೇ ಹರಡುತ್ತಾರೆ. ಓಡಾಡುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರುತ್ತದೆ. ಅದು ತಪ್ಪು, ನಾನೇ ಎಷ್ಟೋ ಸಲ ಇಳಿದು ಬೈದಿದ್ದೇನೆ. ಆದರೆ ಅಲ್ಲಿ ಯಾರಾದರೂ ಬಗ್ಗಿ ಗಿಡ ತಿರುವಿ ಹಾಕುತ್ತಿರುತ್ತಾರೆಂದು ಈ ಭಾಗದ ಡ್ರೈವರುಗಳಿಗೆ ಗೊತ್ತು. ಹುರುಳಿ ಕಂಡ ಕೂಡಲೇ ಕಾಲು ಬ್ರೇಕಿಗೆ ಹೋಗುತ್ತದೆ. ಅಂದು ಹಾಗೆ ಬಗ್ಗಿದ್ದ ಚಿಕ್ಕತಾಯಮ್ಮ ಎಂಬ ಹೆಂಗಸಿಗೆ ಆ ಬಿಳಿ ಕಾರು ಗುದ್ದಿ ತೊಡೆಯ ಮೂಳೆ ಮುರಿಯಿತು.

ಡ್ರೈವರ್ ಮಾದೇವ, ತಿ. ನರಸೀಪುರದ ರೈಸ್‌ಮಿಲ್ ಮಾಲೀಕರೊಬ್ಬರ ಬಳಿ ಕೆಲಸಕ್ಕಿದ್ದವನು. ಠಾಣೆಯ ಅಂಗಳದಲ್ಲಿ ನಿಂತಿದ್ದ. ಕೇಸು ಗಟ್ಟಿಯಾದರೆ ಲೈಸೆನ್ಸೂ ಹೋಗುತ್ತದೆ, ಅನ್ನವೂ ಹೋಗುತ್ತದೆ.

"ಹುರುಳಿ ಹಾಸಿದ್ದು ಕಾಣ್ಲಿಲ್ವೇನಯ್ಯಾ?" ಎಂದು ಕೇಳಿದೆ.

"ಕಾಣ್ತು ಸಾ. ಕಾಲು ಬ್ರೇಕಿಗೆ ಓಯ್ತು, ವಾಪಸ್ ತಕ್ಕೊಂಡೆ."

"ಯಾಕೆ?"

"ಜೋರಾಗಿ ಬ್ರೇಕ್ ಹಾಕುದ್ರೆ ಯಜಮಾನ್ರ ಮೊಬೈಲ್ನಲ್ಲಿ ಮಾರ್ಕ್ಸ್ ಕಟ್ ಆಯ್ತದೆ ಸಾ. ಕಡ್ಮೆ ಬಂದ್ರೆ ಉಗೀತಾರೆ. ಯಾರಾರ ಅಡ್ಡ ಬಂದ್ರೆ ಕಾರೇ ನಿಂತ್ಕತದೆ ಅಂತ ಷೋರೂಮ್ನೋರು ಯೋಳಿದ್ರು."

ಹೌದು, ಆ ಕಾರಿಗೆ ಕ್ಯಾಮೆರಾ, ರೇಡಾರ್ ಎಲ್ಲ ಇತ್ತು. ಎದುರು ಅಡ್ಡಿ ಕಂಡರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ. ಅಂದು ಮಾತ್ರ ಅದು ಹಾಕಲಿಲ್ಲ. ಆ ಮಾಡೆಲ್ ಮಾರಿದರೆ ಸೇಲ್ಸ್‌ನವರಿಗೆ ಇನ್ಸೆಂಟಿವ್ ಹೆಚ್ಚು. ಡ್ರೈವರ್ ಹೇಗೆ ಓಡಿಸಿದನೆಂದು ಕಾರೇ ಅಳೆದು ಮಾಲೀಕರ ಮೊಬೈಲಿಗೆ ಮಾರ್ಕ್ಸ್ ಕಳಿಸುತ್ತದೆ, ಅದು ಚೆನ್ನಾಗಿ ಬಂದರೆ ಅವರಿಗೆ ವಿಮೆಯಲ್ಲಿ ರಿಯಾಯಿತಿ. ಬ್ರೇಕ್ ತುಳಿದವನಿಗೆ ಬೈಗುಳ! ಥೂ, ಇದ್ಯಾವ ನ್ಯಾಯ?

ಕಂಪನಿಯ ಎಂಜಿನಿಯರ್ ಬಂದು ಲ್ಯಾಪ್‌ಟಾಪ್ ಜೋಡಿಸಿ ನೋಡಿದರು. "ಸಿಸ್ಟಂ ಸರಿಯಾಗಿದೆ ಸರ್. ಡ್ರೈವರ್ ಸದಾ ಎಚ್ಚರವಾಗಿರಬೇಕು ಅಂತ ಮ್ಯಾನ್ಯುಯಲ್‌ನಲ್ಲೇ ಇದೆ. ಅವನದೇ ತಪ್ಪು."

"ಸರಿಯಾಗಿದೆ ತಾನೇ? ಹಾಗಾದ್ರೆ ಹುರುಳಿ ಗಿಡದ ಮಧ್ಯೆ ನೀವೊಂದ್ಸಲ ಬಗ್ಗಿ ನಿಂತ್ಕೊಳ್ಳಿ. ಬ್ರೇಕ್ ಮುಟ್ಟದೆ ನಾನು ಕಾರು ತರ್ತೀನಿ."

ಅವರ ಮುಖ ಸಪ್ಪಗಾಯಿತು. "ತಮಾಷೆ ಮಾಡ್ಬೇಡಿ ಸರ್, ಜೀವದ ಪ್ರಶ್ನೆ."

"ಆ ಹೆಂಗಸಿನದೂ ಜೀವವೇ ಕಣ್ರೀ!" ಎಂದು ಕೂಗಿಬಿಟ್ಟೆ. ಠಾಣೆಯವರೆಲ್ಲ ಹೊರಗೆ ಬಂದು ನೋಡಿದರು.

ಬ್ರೇಕಿನಲ್ಲಿ ದೋಷವಿರಲಿಲ್ಲ, ಹಾಗೆಂದೇ ವರದಿ ಬರೆದೆ. ಜೊತೆಗೆ ಷೋರೂಮಿನವರ ಮಾತು, ಮಾರ್ಕ್ಸಿನ ಕಥೆ, ಎಂಜಿನಿಯರ್ ಕಾರಿನೆದುರು ನಿಲ್ಲಲು ಒಪ್ಪದಿದ್ದುದನ್ನೂ ಸೇರಿಸಿದೆ. ಮೇಲಧಿಕಾರಿ ಫೋನ್ ಮಾಡಿ, "ಯಾಂತ್ರಿಕ ದೋಷ ಇದೆಯೋ ಇಲ್ವೋ, ಅಷ್ಟು ಸಾಕು" ಎಂದರು. ನಾನು ಒಂದಕ್ಷರವನ್ನೂ ತೆಗೆಯಲಿಲ್ಲ. ಆದರೆ ಅದನ್ನು ಓದಿ ಷೋರೂಮಿನ ಒಬ್ಬರನ್ನಾದರೂ ಸಾಕ್ಷಿಗೆ ಕರೆದವರಿಲ್ಲ.

ಮಾದೇವ ನಿರಪರಾಧಿ ಎಂದು ನಾನು ಹೇಳುವುದಿಲ್ಲ. ಬ್ರೇಕಿನ ಮೇಲಿದ್ದ ಕಾಲನ್ನು ತೆಗೆದವನು ಅವನೇ. ಆದರೆ ತೆಗೆಯುವಂತೆ ಮಾಡಿದವರು ಯಾರು, ಅದರಿಂದ ಲಾಭ ಯಾರಿಗೆ ಎಂದು ಕೇಳದ ತನಿಖೆ ಅರ್ಧ ತನಿಖೆ. ಈ ನೌಕರಿ ನನಗೆ ಕಲಿಸಿದ್ದು ಇದು.

ಮಾದೇವನ ಲೈಸೆನ್ಸ್ ಅಮಾನತಾಯಿತು, ಕೆಲಸವೂ ಹೋಯಿತು. ಕಾರು ರಿಪೇರಿಯಾಗಿ ಅದೇ ರಸ್ತೆಯಲ್ಲಿ ಓಡಾಡುತ್ತಿದೆ. ಹೊಸ ಡ್ರೈವರ್ ಬಂದಿದ್ದಾನೆ. ಅವನಿಗೂ ಮಾರ್ಕ್ಸ್ ಹಾಕುತ್ತಾರಂತೆ.