ಮಾವನ ಚಕ್ಕು

ಕಾಫಿ ಆರಿ ತಣ್ಣಗಾದರೂ ಸರಿಯೇ, ನಮ್ಮ ಮಾವ ಬೆಳಗ್ಗೆ ಮರ ಕಡೆಯುವ ಲೇತಿನ ಚಕ್ಕನ್ನು ಬಿಚ್ಚಿ, ಹೊಟ್ಟು ಒರೆಸಿ, ಮತ್ತೆ ಜೋಡಿಸದೆ ಲೋಟ ಮುಟ್ಟುವವರಲ್ಲ. ತಿರುಗುವ ಮರವನ್ನು ಕಚ್ಚಿ ಹಿಡಿಯುವುದು ಆ ಚಕ್ಕೇ. ಮನೆಯಲ್ಲಿ ಅದಕ್ಕೆ ಅಳಿಯನಿಗಿಂತ ಹೆಚ್ಚು ಮರ್ಯಾದೆ. ಮರ ಕಚ್ಚುವ ಅದರ ನಾಲ್ಕು ಹಿಡಿಗಳಿಗೂ, ಅವು ಕೂರುವ ಸಂದುಗಳಿಗೂ ಅಂಕಿ ಕೆತ್ತಿದೆ. "ಒಂದನೇ ದೊರೆ ಒಂದನೇ ಮನೆಗೆ" ಎಂದು ರಾಗವಾಗಿ ಹೇಳುತ್ತಾ ಪ್ರತಿ ಹಿಡಿಯನ್ನೂ ಅದರದೇ ಅಂಕಿಯ ಸಂದಿನಲ್ಲಿ ಕೂರಿಸುತ್ತಾರೆ. ಒಬ್ಬ ದೊರೆ ಮನೆ ತಪ್ಪಿದರೂ ನಾಲ್ವರೂ ನಡುವೆ ಕೂಡುವುದಿಲ್ಲ. ಕೀಲಿ ತಿರುಗಿಸಿ ಹಿಡಿಗಳು ಒಳಗೆ ಸರಿಯುವಾಗ ಅತ್ತೆ ಒಲೆ ಬಿಟ್ಟು, ಸೊಸೆಯಾದ ನಾನು ಪ್ರಾರ್ಥನೆ ಅರ್ಧಕ್ಕೆ ಬಿಟ್ಟು ಓಡಿ ಬರುತ್ತೇವೆ. ಕೂಡಿದವೋ, ಮಾವ ಗೆದ್ದ ಪೈಲ್ವಾನನಂತೆ ತೊಡೆ ತಟ್ಟುತ್ತಾರೆ. ಅವರ ಕಣ್ಣು ಮಂಜಾಗಿ ವರ್ಷವಾಯಿತು. "ಚಕ್ಕು ಕೂಡದ ದಿನ ಲೇತಿಗೆ ಬೀಗ" ಎಂದು ಅತ್ತೆಗೆ ಮಾತು ಕೊಟ್ಟಿದ್ದಾರೆ. ಅಂಕಿಗಳನ್ನು ಈಗ ಓದುವುದು ಹೆಬ್ಬೆರಳು. ಇವತ್ತು ಮೂರನೆಯದರ ಮೇಲೆ ಆ ಬೆರಳು ಬಹಳ ಹೊತ್ತು ತಡವರಿಸಿತು. ಅತ್ತೆ ಸೆರಗು ಹಿಂಡುತ್ತಿದ್ದರು. ತಡೆಯಲಾರದೆ, "ನಾನು ಓದಿ ಹೇಳಲಾ, ಮಾವ?" ಅಂದೆ. ಮಾವ ಅಂಕಿಯೊಳಗಿನ ಹೊಟ್ಟನ್ನು ಉಫ್ ಎಂದು ಊದಿ, ಮತ್ತೆ ಬೆರಳಿಟ್ಟು ನಕ್ಕರು. "ಬೇಡ ಕಣಮ್ಮ, ನೀನು ಓದಿದ್ರೆ ಕೂಡೋದು ನಿನ್ನ ಚಕ್ಕು."