ಒಳಗಿನಿಂದ ಮೂರು ಬಡಿತ

ಕಟ್ಟುಕಥೆ ಬೇಕಿದ್ದರೆ ಬೇರೆಯವರನ್ನು ನೋಡಿಕೊಳ್ಳಿ. ಇದು ನನ್ನ ಕೈಯಿಂದಲೇ ಆದದ್ದು. ಜೊತೆಗಿದ್ದ ಮಾದಣ್ಣ ಇನ್ನೂ ಮಾರಂಡಹಳ್ಳಿಯಲ್ಲೇ ಇದ್ದಾನೆ. ಈ ಮಾತೆತ್ತಿದರೆ ಮಾತ್ರ ಎದ್ದು ಹೋಗುತ್ತಾನೆ.

ಅಲ್ಲೇ ಹತ್ತಿರದ ಒಂದು ಖಾಸಗಿ ಕಾಡಿನಲ್ಲಿ ನಾವಿಬ್ಬರೂ ಮರಗಳಿಗೆ ಗುರುತು ಹಾಕುವ ಕೆಲಸಕ್ಕಿದ್ದೆವು. ಬರೀ ಕಲ್ಲುನೆಲ, ಸೊರಗಿದ ಮರಗಳು. ಸೊಟ್ಟ ಮರಕ್ಕೆ ಕೆಂಪು ಬಳಿದರೆ ಅದನ್ನು ಕಡಿಯುತ್ತಾರೆ, ಆಗ ಪಕ್ಕದ ನೇರ ಮರ ದಪ್ಪವಾಗಿ ನಾಟಾಕ್ಕೆ ಬರುತ್ತದೆ. ಪೊಟರೆಯಲ್ಲಿ ಗೂಬೆಯೋ ಕಾಡುಪಾಪವೋ ವಾಸವಿದ್ದರೆ ಬಿಳಿ ಬಳಿದು ಉಳಿಸಬೇಕು. ಅದಕ್ಕೇ ಮಾದಣ್ಣನದೊಂದು ಪದ್ಧತಿ: ಕೆಂಪು ಬಳಿಯುವ ಮೊದಲು ಮಚ್ಚಿನ ಹಿಂಬದಿಯಿಂದ ಬೊಡ್ಡೆಗೆ ಮೂರು ಸಲ ತಟ್ಟಿ, ಕಿವಿಯಿಟ್ಟು ಕೇಳುವುದು. ಒಳಗೆ ಏನಾದರೂ ಅಲುಗಿದರೆ ಬಿಳಿ.

ಅಂದು ನನ್ನ ಪಾಲಿಗೆ ಕೊನೆಯದು ಒಂದು ಸೊಟ್ಟ ದಿಂಡಿಗದ ಮರ. ಕತ್ತಲಾಗುತ್ತಿತ್ತು, ಆ ಕಡೆ ಆನೆ ಬಂದ ಸುದ್ದಿಯೂ ಇತ್ತು. ತಟ್ಟಲಿಲ್ಲ. ಕೆಂಪು ಬಳಿದು ಓಡಿಬಂದೆ. ಬೆಳಗಾದರೆ ಕಡಿಯುವವರು ಬರುವವರಿದ್ದರು.

ಶೆಡ್ಡಿನಲ್ಲಿ ಉಣ್ಣುತ್ತಾ ಮಾದಣ್ಣ ಕೇಳಿದ, “ಎಲ್ಲಾನೂ ತಟ್ಟಿದ್ಯೇನ್ಲಾ ನಂಜ?”

“ಊಂ ಕಣಣ್ಣ” ಎಂದೆ. ತಲೆ ಬಗ್ಗಿಸಿ ಮುದ್ದೆ ಮುರಿದೆ.

ನಡುರಾತ್ರಿ ಎಚ್ಚರವಾಯಿತು. ಟಕ್... ಟಕ್... ಟಕ್. ಶೆಡ್ಡಿನ ನಡುಗಂಬದ ಒಳಗಿನಿಂದ. ಹಾಳಾದ ಇಲಿ ಅಂದುಕೊಂಡೆ. ಮತ್ತೆ ಮೂರು...

ಮಾದಣ್ಣ ಎದ್ದು ಕೂತಿದ್ದ. “ಯಾವ್ ಮರ ಬುಟ್ಟೆ? ನಿಜ ಏಳು.”

ಹೇಳಿದೆ. ಬೈಯಲೂ ಇಲ್ಲ ಅವನು, ಟಾರ್ಚು, ಬಿಳಿ ಬಣ್ಣದ ಡಬ್ಬಿ ಎತ್ತಿಕೊಂಡ.

ದಿಂಡಿಗದ ಹತ್ತಿರ ಜೀರುಂಡೆ ಕೂಡ ಸುಮ್ಮನಾಗಿತ್ತು. ಒಂದು ವಾಸನೆ ಬಂತು... ಹರಳೆಣ್ಣೆ ಹಚ್ಚಿದ ಹಸುಗೂಸಿನ ನೆತ್ತಿಯ ವಾಸನೆ. ಕಾಡಿನಲ್ಲಿ! ಮೂರು ಸಲ ತಟ್ಟಿದೆ.

ಒಳಗಿನಿಂದ ಮೂರು ಬಡಿತ.

“ಉಸಿರೈತೆ ಕಣ್ಲಾ... ಕೆರೆದಾಕು, ಬೇಗ” ಎಂದು ಮಾದಣ್ಣ ಪಿಸುಗುಟ್ಟಿದ. ಕೆಂಪು ಬಳಿದಿದ್ದ ತೊಗಟೆಯನ್ನೆಲ್ಲ ಮಚ್ಚಿನಿಂದ ಕೆತ್ತಿ ಬೀಳಿಸಿ ಬಿಳಿ ಬಳಿದೆ. ಬಿಳಿಯಾದದ್ದನ್ನು ಟಾರ್ಚಿನ ಬೆಳಕಿನಲ್ಲಿ ಇಬ್ಬರೂ ಕಣ್ಣಾರೆ ನೋಡಿದೆವು.

ಬೆಳಗ್ಗೆ ಹೋದರೆ ತೊಗಟೆ ಇದ್ದ ಹಾಗೇ ಇತ್ತು... ಒಂದು ಗೀರೂ ಇಲ್ಲ. ಅದರ ಮೇಲೆ ನನ್ನದೇ ಕೆಂಪು. ನನ್ನ ಉಗುರಿನ ಸಂದಿಯಲ್ಲಿ ಮಾತ್ರ ಬಿಳಿ ಬಣ್ಣ ಅಂಟಿತ್ತು.

ಕಡಿಯುವವರ ತಮಿಳು ಮೇಸ್ತ್ರಿಗೆ ಕೈಮುಗಿದೆ. “ಇದೊಂದ್ ಬುಟ್ಬುಡಣ್ಣ, ಒಳಗ್ ಉಸಿರೈತೆ.”

“ಸೆವಪ್ಪು ಇರುಕ್ಕೇ, ವೆಟ್ಟಿತಾನ್ ಆಗಣುಂ” ಎಂದ. ಕೆಂಪಿದೆಯಲ್ಲ, ಕಡಿಯಲೇಬೇಕಂತೆ. ಬಳಿದವನು ನೀನೇ ತಾನೆ ಎಂದು ನಕ್ಕ. ಗರಗಸದ ಮಿಷನ್ ಶುರುವಾಯಿತು. ನಿಂತು ನೋಡಿದೆ, ಅಷ್ಟೇ.

ಮರ ಬಿತ್ತು. ಪೊಟರೆಯಲ್ಲಿ ಒಂದು ಗರಿ ಇಲ್ಲ, ಒಂದು ಹಿಕ್ಕೆ ಇಲ್ಲ. ಕೈ ಹಾಕಿದೆ. ಮಲಗಿದ್ದವರು ಆಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗಿತ್ತು. ಮಾದಣ್ಣ ಅವತ್ತೇ ಕೆಲಸ ಬಿಟ್ಟ.

ನಾನು ಬಿಡಲಿಲ್ಲ, ಬೇರೆ ಕೆಲಸ ಗೊತ್ತಿಲ್ಲ. ಈಗ ತಟ್ಟದೆ ಒಂದು ಮರವನ್ನೂ ದಾಟುವುದಿಲ್ಲ. ಆದರೆ ಯಾವುದನ್ನು ತಟ್ಟಿದರೂ, ಎಳೆಯದಿರಲಿ ಬಲಿತದ್ದಿರಲಿ, ಒಳಗಿನಿಂದ ಮೂರು ಬಡಿತ ಬರುತ್ತದೆ. ಯಾವುದರಲ್ಲಿ ನಿಜವಾಗಿ ಜೀವ ಇದೆಯೋ ನನಗೆ ತಿಳಿಯುವುದಿಲ್ಲ. ಸಂಜೆಯೊಳಗೆ ಹೇಳಿದಷ್ಟು ಮರಕ್ಕೆ ಕೆಂಪು ಬಳಿಯಲೇಬೇಕು... ಬಳಿಯುತ್ತೇನೆ.