ಫೋನು ಒರೆಸಿದ ಬೊಟ್ಟು

ಮಗಳ ಎಡಗೆನ್ನೆಯ ಮೇಲೆ ಒಂದು ಮಚ್ಚೆಯಿದೆ. ಹುಟ್ಟಿದಾಗ ಸಾಸಿವೆ ಕಾಳಿನಷ್ಟಿತ್ತು, ಈಗ ಮೆಣಸಿನ ಕಾಳಿನಷ್ಟು. ಅವಳನ್ನು ಮೊದಲ ಸಲ ಎತ್ತಿಕೊಂಡ ದಿನ ನನ್ನ ಅತ್ತೆ, ತೆರೆದ ಕಾಡಿಗೆ ಡಬ್ಬಿಯನ್ನು ಹಾಗೇ ಮುಚ್ಚಿಬಿಟ್ಟರು. ದೇವರೇ ದೃಷ್ಟಿಬೊಟ್ಟು ಇಟ್ಟು ಕಳಿಸಿದ್ದಾನೆ, ನಾನೇನು ಇಡಲಿ ಎಂದರು. ಮನೆಯ ಬೇರೆ ಮಕ್ಕಳ ಕೆನ್ನೆಗೆಲ್ಲ ಕಪ್ಪು ಚುಕ್ಕೆ ಬಿತ್ತು. ಇವಳಿಗೆ ಮಾತ್ರ ಬೀಳಲಿಲ್ಲ.

ಕಳೆದ ವರ್ಷ ಶ್ರೀನಿವಾಸಪುರದಲ್ಲಿ ನೆಂಟರ ಗೃಹಪ್ರವೇಶ. ಹತ್ತೊಂಬತ್ತರ ಮಗಳು ನನ್ನ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ತೋರಣದ ಕೆಳಗೆ ನಿಲ್ಲಿಸಿ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿದೆ. ಅವಳೂ ಅದನ್ನೇ ತನ್ನ ಪೇಜಿಗೆ ಹಾಕಿಕೊಂಡಳು. ಹೃದಯದ ಗುರುತುಗಳು ಒಂದರ ಹಿಂದೆ ಒಂದು ಬರತೊಡಗಿದವು. ಪಂಕ್ತಿಗೆ ಹಪ್ಪಳ ಬಡಿಸುವಾಗಲೂ ಫೋನು ನನ್ನ ಕೈಯಲ್ಲೇ ಇತ್ತು.

ಸಂಜೆ ಮುಳಬಾಗಿಲಿಗೆ ಹಿಂತಿರುಗಿ ಅತ್ತೆಗೆ ತೋರಿಸಿದೆ. ಪೊರೆ ತೆಗೆಸಿದ ಕಣ್ಣು ಅವರದು. ಫೋನನ್ನು ಮೂಗಿನ ಹತ್ತಿರಕ್ಕೆ ತಂದು ನೋಡಿದರು. ಅಕ್ಕರೆ ಬಂದರೆ ಅವರ ಬಾಯಲ್ಲಿ ತೆಲುಗು ಇಣುಕುತ್ತದೆ.

“ಯಾರು ತಲ್ಲೀ ಈ ಹುಡುಗಿ?”

ನಿಮ್ಮ ಮೊಮ್ಮಗಳೇ ಎಂದೆ. ಫೋಟೊದ ಕೆನ್ನೆಯ ಮೇಲೆ ಬೆರಳಿಟ್ಟು, “ಬೊಟ್ಟು ಯಾರು ಒರೆಸಿದ್ದು?” ಎಂದರು.

ಆಗ ನೋಡಿದೆ. ಕೆನ್ನೆ ನುಣ್ಣಗಿತ್ತು. ಮಚ್ಚೆಯನ್ನು ಕೊಳೆಯೆಂದುಕೊಂಡು ಫೋನೇ ಅಳಿಸಿತ್ತು. ಫೋನಿನ ಮಾತು ಬಿಡಿ. ಅವರೆಕಾಳಿನಲ್ಲಿ ಹುಳುಕು ಎಲ್ಲಿದ್ದರೂ ಹಿಡಿಯುವ ನಾನು, ಹೆತ್ತ ತಾಯಿ, ಆ ಫೋಟೊವನ್ನು ದಿನವಿಡೀ ನೋಡಿದ್ದೆ. ನನಗೆ ಹೇಗೆ ಕಾಣಲಿಲ್ಲ?

ಮಗಳು ನಕ್ಕಳು. ಮಾರನೆಯ ದಿನ ಮಾತ್ರ ಒಲೆಯ ಹತ್ತಿರ ಬಂದು ನಿಂತಳು.

“ಅಮ್ಮ, ನನ್ ಎಲ್ಲಾ ಫೋಟೊಗಿಂತ ಅದಕ್ಕೇ ಜಾಸ್ತಿ ಲೈಕ್ ಬಂದಿರೋದು. ಮಚ್ಚೆ ತೆಗೆಸ್ಕೊಂಡ್ಬಿಡ್ತೀನಿ.”

ಕೋಲಾರದಲ್ಲಿ ಚರ್ಮದ ಡಾಕ್ಟರರನ್ನೂ ವಿಚಾರಿಸಿಟ್ಟಿದ್ದಳು. ಕನ್ನಡಿ ಮುಂದೆ ಹೆಚ್ಚು ಹೊತ್ತು ನಿಂತರೆ, ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮನ್ನು ಗದರುತ್ತಿದ್ದರು. ಅದನ್ನು ಹೇಳಲು ಬಾಯಿ ತೆರೆದೆ, ಹೇಳಲಿಲ್ಲ. ಬೇಡ ಎನ್ನುವುದಾದರೆ ಯಾವ ಕಾರಣಕ್ಕೆ? ಸಿಸ್ಟರ್ ಮಾತಿಗೋ, ಅತ್ತೆಯ ದೃಷ್ಟಿಬೊಟ್ಟಿಗೋ?

ಅಪಾಯವೇನಾದರೂ ಇದೆಯೇ ಎಂದು ತಿಳಿಯಲು ಫೋನಿನಲ್ಲಿ ಒಮ್ಮೆ ಹುಡುಕಿದೆ. ಒಂದೇ ಸಲ. ಅಂದಿನಿಂದ ಅದು ನನಗೆ ಬರೀ ಕೆನ್ನೆಗಳನ್ನೇ ತೋರಿಸತೊಡಗಿತು: ತೆಗೆಸುವ ಮೊದಲು ಹೀಗೆ, ತೆಗೆಸಿದ ಮೇಲೆ ಹೀಗೆ. ಸಾರು ಮಾಡುವ ಬಗೆ ಕೇಳಿದರೂ ಮಧ್ಯೆ ಒಂದು ಕೆನ್ನೆ. ಹತ್ತು ದಿನವಾಗಿರಬೇಕು, ಮಗಳ ತಟ್ಟೆಗೆ ಮುದ್ದೆ ಇಡುವಾಗ ನನ್ನ ಕಣ್ಣು ನೇರ ಮಚ್ಚೆಗೆ ಹೋಗಿ ನಿಂತಿತು. ಹತ್ತೊಂಬತ್ತು ವರ್ಷ ಅದು ಅವಳ ಮುಖವೇ ಆಗಿತ್ತು. ಆ ದಿನ ಮುಖದ ಮೇಲಿನ ವಸ್ತುವಾಗಿ ಕಂಡಿತು. ಶನಿವಾರ ಹೋಗಿಬರೋಣ ಎಂದುಬಿಟ್ಟೆ. ಹಾಗೆಂದವಳು ನಾನೇನಾ ಎಂದು ಈಗಲೂ ಅನುಮಾನ.

ಶನಿವಾರ ಹೊರಡುವ ಹೊತ್ತಿಗೆ ಅತ್ತೆ ಕಾಡಿಗೆ ಡಬ್ಬಿ ಹಿಡಿದು ಬಂದರು. ಮೊಮ್ಮಗಳನ್ನು ಕೂರಿಸಿ, ಬಲಗೆನ್ನೆಗೆ ಒಂದು ಚುಕ್ಕೆ ಇಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಅದು ಹೋದ್ಮೇಲೆ ನಾನೇ ಇಡ್ಬೇಕಲ್ಲ, ಈಗಿಂದ್ಲೇ ರೂಢಿಯಾಗ್ಲಿ. ದಿನಾ ನಾನು ಇಡ್ತೀನಿ, ದಿನಾ ನಿಮ್ ಫೋನು ಒರೆಸ್ಲಿ.”

ಎರಡೂ ಕೆನ್ನೆಯಲ್ಲಿ ಚುಕ್ಕೆ ಹೊತ್ತ ಮಗಳು ಕನ್ನಡಿ ನೋಡಿಕೊಂಡು ಮೊದಲು ನಕ್ಕಳು. ಆಮೇಲೆ ತುಂಬ ಹೊತ್ತು ನೋಡಿದಳು. ನನ್ನ ಸೆರಗು ಎಳೆದುಕೊಂಡು ಬಲಗೆನ್ನೆ ಒರೆಸಿಕೊಂಡಳು. “ಈ ವಾರ ಬೇಡ ಕಣಮ್ಮ,” ಎಂದಳು. ಇನ್ನು ಯಾವತ್ತಿಗೂ ಬೇಡ ಎಂದು ಮಾತ್ರ ಹೇಳಲಿಲ್ಲ.

ನನಗೆ ಸಮಾಧಾನವಾಗಬೇಕಿತ್ತು. ಮಧ್ಯಾಹ್ನ ಆ ಫೋಟೊ ಅಳಿಸಲೆಂದು ತೆರೆದೆ. ಹಸಿರು ಸೀರೆ, ತೋರಣ, ನುಣ್ಣನೆಯ ಕೆನ್ನೆ. ಚೆನ್ನಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಬೆರಳು ಹಾಗೇ ನಿಂತಿತು.

ಫೋಟೊ ಇನ್ನೂ ಇದೆ. ಸೆರಗಿನ ಅಂಚಿನ ಕಾಡಿಗೆಯ ಕಲೆಯೂ ಹೋಗಿಲ್ಲ. ಎರಡು ಸಲ ಸೋಪು ಹಾಕಿ ಉಜ್ಜಿದ್ದಾಯಿತು.